ನಡೆದೇ ಬರುವ ಮಕ್ಕಳಿಗೆ ‘ನಡೆಯಿರಿ’ ಅಂತ ಹೇಳುವ ಮೊದಲು

ಕಳೆದ ವರ್ಷ ಪರಿಸರ ದಿನಾಚರಣೆಯ ವಾರದಲ್ಲಿ ಜೇವರ್ಗಿ ತಾಲೂಕಿನ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಅಂಗಳದಲ್ಲಿ ಶಾಮಿಯಾನ, ಮೇಜಿನ ಮೇಲೆ ನಾಲ್ಕು ಸಸಿ, ಸಸಿ ಪಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು. ಮುಖ್ಯ ಅತಿಥಿಗಳು ಕಾರಿನಲ್ಲಿ ಬಂದರು, ಒಂದೂವರೆ ತಾಸು ತಡವಾಗಿ. “ಮಕ್ಕಳೇ, ಗಾಡಿ ಬಿಡಿ, ಶಾಲೆಗೆ ನಡೆದುಕೊಂಡು ಬನ್ನಿ, ಭೂಮಿ ಉಳಿಸಿ” ಅಂತ ಭಾಷಣ ಮಾಡಿದರು. ಮಕ್ಕಳು ಚಪ್ಪಾಳೆ ಹೊಡೆದರು. ಎಲ್ಲ ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು.

“ಸರ್ರ, ನಾವು ದಿನಾ ನಡಕೋತನೇ ಸಾಲಿಗಿ ಬರ್ತೀವ್ರಿ. ಅವರು ಯಾರಿಗಿ ಹೇಳ್ಲಕತ್ತಾರ್ರಿ?”

ಆಕೆ ತಮಾಷೆ ಮಾಡ್ತಿರಲಿಲ್ಲ. ನಿಜಕ್ಕೂ ಅರ್ಥ ಆಗದೆ ಕೇಳಿದ್ದಳು. ನನಗೂ ಆಗ ಉತ್ತರ ಹೊಳೆಯಲಿಲ್ಲ.

ನಾನು ಆಳಂದ ತಾಲೂಕಿನವನು. ಹೈಸ್ಕೂಲಿಗೆ ಮೂರು ಕಿಲೋಮೀಟರ್ ನಡೆದವನು. ಆಮೇಲೆ ಸಿವಿಲ್ ಇಂಜಿನಿಯರಿಂಗ್ ಓದಿದೆ. ನಾಲ್ಕು ವರ್ಷ ರಸ್ತೆಯ ಅಗಲ, ತಿರುವಿನ ಲೆಕ್ಕ, ಡಾಂಬರಿನ ದಪ್ಪ ಎಲ್ಲ ಕಲಿಸಿದರು. ಆ ರಸ್ತೆಯ ಅಂಚಿನಲ್ಲಿ ಬ್ಯಾಗು ಹೊತ್ತು ನಡೆಯುವ ಮಗುವಿನ ಬಗ್ಗೆ ಒಂದು ಪೂರ್ತಿ ಕ್ಲಾಸ್ ಆದ ನೆನಪಿಲ್ಲ. ಹಾಗಾಗಿ ಈ ಲೇಖನ ನನಗೂ ಒಂದು ರೀತಿ ಬಾಕಿ ಉಳಿದ ಹೋಂವರ್ಕ್.

ಯಾರು ನಡೀತಾರೆ?

ಮೊದಲು ಅಂಕಿ ನೋಡೋಣ. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ದೇಶದಲ್ಲಿ ಶೇ. 59.7ರಷ್ಟು ವಿದ್ಯಾರ್ಥಿಗಳು ನಡೆದೇ ಶಾಲೆ-ಕಾಲೇಜಿಗೆ ಹೋಗ್ತಾರೆ. ಗಂಡುಮಕ್ಕಳಲ್ಲಿ ಇದು ಶೇ. 57.9, ಹೆಣ್ಣುಮಕ್ಕಳಲ್ಲಿ ಶೇ. 62. ಅಂದರೆ ಮನೆಯಲ್ಲಿ ಒಂದು ಸೈಕಲ್ಲೋ ಬೈಕೋ ಇದ್ದರೆ ಅದು ಮೊದಲು ಯಾರ ಕೈಗೆ ಹೋಗತ್ತೆ ಅಂತ ಊಹಿಸೋದು ಕಷ್ಟವಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನಮ್ಮ ಭಾಗಕ್ಕೆ ಹೆಚ್ಚು ಮುಖ್ಯ. ಗ್ರಾಮೀಣ ಭಾರತದ ಶೇ. 92.7 ಕುಟುಂಬಗಳಿಗೆ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೇ ಇದೆ. ಪ್ರೌಢಶಾಲೆ ಒಂದು ಕಿಲೋಮೀಟರ್ ಒಳಗೆ ಇರೋದು ಬರೀ ಶೇ. 38 ಕುಟುಂಬಗಳಿಗೆ. ನಗರದಲ್ಲಿ ಈ ಎರಡನೇ ಅಂಕಿ ಶೇ. 70.

ಇದು ಕಾನೂನಿನ ಆಕಾರವೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ ಒಂದು ಕಿಲೋಮೀಟರ್, 6ರಿಂದ 8ನೇ ತರಗತಿಯ ಶಾಲೆ ಮೂರು ಕಿಲೋಮೀಟರ್ ನಡಿಗೆಯ ದೂರದಲ್ಲಿರಬೇಕು. ‘ನಡಿಗೆಯ ದೂರ’ ಅನ್ನೋ ಮಾತು ನಿಯಮದಲ್ಲೇ ಇದೆ, ಗಮನಿಸಿ. ಆದರೆ ಕಾಯ್ದೆ 14 ವರ್ಷಕ್ಕೆ ಮುಗಿಯತ್ತೆ. ಒಂಬತ್ತನೇ ತರಗತಿಗೆ ಯಾವ ದೂರದ ಭರವಸೆಯೂ ಇಲ್ಲ. ಅಲ್ಲಿಂದ ಮಗು, ಅದರ ಕಾಲು, ಅದರ ಅಪ್ಪ-ಅವ್ವನ ಧೈರ್ಯ.

2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ. 91.12. ಇದಕ್ಕೆ ದಾರಿಯೇ ಕಾರಣ ಅಂತ ನಾನು ಹೇಳಲ್ಲ. ಖಾಲಿ ಶಿಕ್ಷಕ ಹುದ್ದೆ, ಬಡತನ, ಗುಳೆ, ಕಲಿಕೆಯ ಅಡಿಪಾಯ, ಹೀಗೆ ಕಾರಣ ಬಹಳ. ಆದರೆ ಶಾಲೆಗೆ ತಲುಪದ ಮಗುವಿಗೆ ಯಾವ ಶಿಕ್ಷಕರೂ ಪಾಠ ಮಾಡಕ್ಕಾಗಲ್ಲ. ಫಲಿತಾಂಶದ ಚರ್ಚೆಯಲ್ಲಿ ದಾರಿಯ ಮಾತು ಬರೋದೇ ಇಲ್ಲ ಅನ್ನೋದು ನನ್ನ ತಕರಾರು.

ಮೂರು ತಾಲೂಕು, ಮೂರು ತರಹದ ದಾರಿ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ‘ವಾಕ್ ಟು ಸ್ಕೂಲ್’ ಪೋಸ್ಟರ್ ಸರಿಹೋಗಬಹುದು. ಇಲ್ಲಿ ನೆಲವೇ ಬೇರೆ.

ಅಫಜಲಪುರ ಭೀಮಾ ದಂಡೆಯ ತಾಲೂಕು. ದೇವಲ ಗಾಣಗಾಪುರದ ಹತ್ತಿರ ಅಮರ್ಜಾ ಬಂದು ಭೀಮೆಯನ್ನ ಸೇರತ್ತೆ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಇಲ್ಲಿ ಮೋಡ ಇಲ್ಲದ ದಿನವೂ ಸೇತುವೆ ಮುಳುಗಬಹುದು. 2020ರ ಅಕ್ಟೋಬರ್‌ನ ಪ್ರವಾಹ ನೆನಪಿದೆಯಲ್ಲ? ಅಂಥ ಹೊತ್ತಲ್ಲಿ ಶಾಲೆಗಳೇ ಕಾಳಜಿ ಕೇಂದ್ರ ಆಗ್ತವೆ. ದೊಡ್ಡ ಪ್ರವಾಹ ಸುದ್ದಿಯಾಗತ್ತೆ. ಹಳ್ಳ ತುಂಬಿ ಎರಡು ದಿನ ದಾರಿ ಕಟ್ಟಾದದ್ದು ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಮಾತ್ರ ದಾಖಲಾಗತ್ತೆ.

ಆಳಂದದಲ್ಲಿ ಕಷ್ಟ ಮಣ್ಣಿನದು. ನಮ್ಮದು ಎರೆ ಭೂಮಿ. ತೊಗರಿಗೆ ಇದಕ್ಕಿಂತ ಒಳ್ಳೇ ನೆಲ ಇಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಬಂದಿದೆ. ಆದರೆ ಈ ಮಣ್ಣು ನೀರು ಕುಡಿದರೆ ಉಬ್ಬತ್ತೆ, ಒಣಗಿದರೆ ಬಿರಿಯತ್ತೆ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿಗೆ ಅರ್ಧ ಕೆಜಿ ರಾಡಿ ಅಂಟ್ಕೊಳ್ಳತ್ತೆ. ನಾವು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋಗಿ, ಶಾಲೆಯ ಬೋರ್‌ವೆಲ್ ಹತ್ತಿರ ಕಾಲು ತೊಳೆದು ಒಳಗೆ ಕೂಡ್ತಿದ್ದೆವು. ಮೂರು ಕಿಲೋಮೀಟರಿನ ದಾರಿ ಬೇಸಿಗೆಯಲ್ಲಿ ನಲವತ್ತು ನಿಮಿಷ, ಮಳೆಗಾಲದಲ್ಲಿ ಒಂದು ತಾಸಿನ ಮೇಲೆ. ನಕ್ಷೆಯಲ್ಲಿ ಮಾತ್ರ ಎರಡೂ ಮೂರೇ ಕಿಲೋಮೀಟರ್.

ಜೇವರ್ಗಿಯ ಸಮಸ್ಯೆ ವೇಗ. ಕಲಬುರಗಿಯಿಂದ ಸಿಂದಗಿ, ವಿಜಯಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಜೇವರ್ಗಿ ಮೇಲೇ ಹಾಯತ್ತೆ. ಚಾಮರಾಜನಗರದವರೆಗೂ ಹೋಗುವ 150ಎ ಹೆದ್ದಾರಿ ಶುರುವಾಗೋದೂ ಇಲ್ಲಿಂದಲೇ. ಊರು ಹೆದ್ದಾರಿಯ ಒಂದು ಬದಿ, ಶಾಲೆ ಇನ್ನೊಂದು ಬದಿ ಇದ್ದರೆ ಒಂದು ಮಗು ದಿನಕ್ಕೆ ಎರಡು ಸಲ ಲಾರಿಗಳ ನಡುವೆ ದಾಟಬೇಕು. ಇದರ ಜತೆ ಮೂರೂ ತಾಲೂಕಿಗೆ ಸೇರಿದ ಇನ್ನೊಂದು ಅಪಾಯ ಕಬ್ಬಿನ ಸೀಜನ್. ನವೆಂಬರ್‌ನಿಂದ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆ ತುಂಬ ಇರ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ಲೈಟಾಗಲಿ, ರಿಫ್ಲೆಕ್ಟರಾಗಲಿ ಇರಲ್ಲ. ಅದೇ ತಿಂಗಳುಗಳಲ್ಲಿ ಕತ್ತಲೂ ಬೇಗ. ಸ್ಪೆಷಲ್ ಕ್ಲಾಸ್ ಮುಗಿಸಿ ಮನೆಗೆ ಹೊರಟ ಹತ್ತನೇ ತರಗತಿ ಮಕ್ಕಳು ಅದೇ ರಸ್ತೆಯ ಅಂಚಲ್ಲಿ ಇರ್ತಾರೆ.

ಮೇಲೆ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸ್ತಾರೆ. ಫ್ಯಾನ್ ಕೆಳಗೆ ಕೂರುವ ನೌಕರರಿಗೇ ಈ ಬಿಸಿಲು ಕಷ್ಟ ಅಂತ ಸರ್ಕಾರ ಒಪ್ಕೊಂಡಿದೆ. ಒಳ್ಳೇದೇ. ಹಾಗಾದರೆ ಬಿಸಿಲಲ್ಲಿ ನಡೆಯುವ ಮಕ್ಕಳ ದಾರಿಯ ನೆರಳೂ ಸರ್ಕಾರದ ಲೆಕ್ಕಕ್ಕೆ ಬರಬೇಕು.

ವೇಗದ ಲೆಕ್ಕ ಸ್ವಲ್ಪ ಬಿಡಿಸಿ ನೋಡೋಣ

ಇದು ಪಿಯುಸಿ ಭೌತಶಾಸ್ತ್ರ, ಹೆದರಬೇಡಿ. ಡ್ರೈವರ್ ಮಗುವನ್ನ ನೋಡಿ ಬ್ರೇಕ್ ಮೇಲೆ ಕಾಲಿಡೋಕೆ ಒಂದು ಸೆಕೆಂಡ್ ಬೇಕು ಅಂದ್ಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಲ್ಲೇ ಗಾಡಿ 11 ಮೀಟರ್ ಮುಂದೆ ಹೋಗಿರತ್ತೆ. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೊಂದು 9 ಮೀಟರ್. ಒಟ್ಟು 20. ಅದೇ 60ರ ವೇಗದಲ್ಲಿ ಒಟ್ಟು 37 ಮೀಟರ್, 80ರ ವೇಗದಲ್ಲಿ 58 ಮೀಟರ್. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗತ್ತೆ. ಇದು ಒಳ್ಳೇ ಟಯರು, ಒಳ್ಳೇ ಬ್ರೇಕ್ ಇರುವ ಕಾರಿನ ಲೆಕ್ಕ. ಕಬ್ಬು ತುಂಬಿದ ಟ್ರೇಲರಿನದ್ದಲ್ಲ.

ಅದಕ್ಕೇ 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಭೆ, ಜನ ಮತ್ತು ವಾಹನ ಬೆರೆಯುವ ಕಡೆ ಗರಿಷ್ಠ ವೇಗ 30 ಕಿ.ಮೀ. ಇರಲಿ ಅಂತ ಕರೆ ಕೊಟ್ಟಿತು. ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಫುಟ್‌ಪಾತ್‌ಗೆ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರಡಿ ಅಗಲ ಬೇಕು ಅನ್ನತ್ತೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ-ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಜವಾಬ್ದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆ ಇಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿತು. ತಾಲೂಕು ಕೇಂದ್ರಗಳ ಮುಖ್ಯ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ಆರಡಿ ಬೇಡ, ಎರಡಡಿ ಎಲ್ಲಿ ಸಿಗತ್ತೆ ಹುಡುಕಿ.

ಹಾಗಾದರೆ ಭಾಷಣ ಯಾರಿಗೆ?

ಆ ಹುಡುಗಿಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದು: ಭಾಷಣ ಹೇಳಬೇಕಿದ್ದದ್ದು ನಿನಗಲ್ಲ, ನಮ್ಮಂಥವರಿಗೆ. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಲ್ಲಿ ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಮಗುವನ್ನ ಬೈಕಲ್ಲಿ ಬಿಡುವ ಅಪ್ಪಂದಿರಿಗೆ.

ಬಿಟ್ಟು ಬರೋದು, ಮತ್ತೆ ಹೋಗಿ ಕರೆತರೋದು, ದಿನಕ್ಕೆ 6 ಕಿ.ಮೀ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ಹೇಳುವ 220 ದಿನಗಳಿಗೆ 1,320 ಕಿ.ಮೀ. ಲೀಟರಿಗೆ 60 ಕೊಡುವ ಬೈಕ್ ಆದರೂ 22 ಲೀಟರ್ ಪೆಟ್ರೋಲ್. ಎರಡು ಸಾವಿರ ರೂಪಾಯಿ ದಾಟಿತು. ಲೀಟರಿಗೆ 2.3 ಕೆಜಿ ಲೆಕ್ಕದಲ್ಲಿ ಸುಮಾರು 50 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಮನೆಗೆ ಇದು ದೊಡ್ಡದಲ್ಲ. ಮುನ್ನೂರು ಮಕ್ಕಳ ಶಾಲೆ ಗೇಟಿನ ಮುಂದೆ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಇನ್ನೂರು ಬೈಕು ಸೇರಿದರೆ ಮಾತ್ರ ಚಿತ್ರ ಬದಲಾಗತ್ತೆ.

ಆದರೆ ಆ ಅಪ್ಪನನ್ನ ಬೈಯೋದೂ ಸುಲಭವಲ್ಲ. “ರಸ್ತಾದಾಗ ಗಾಡಿ ಭಾಳ ಆಗ್ಯಾವ್ರಿ, ಒಂದೇ ಹೆಂಗ್ ಕಳಸಬೇಕು ಕೂಸಿನ್ನ?” ಅಂತಾರೆ. ಖರೇ. ಗಾಡಿ ಜಾಸ್ತಿ ಆದದ್ದಕ್ಕೆ ಅವರು ಬೈಕ್ ತೆಗೀತಾರೆ. ಅವರು ಬೈಕ್ ತೆಗೆದದ್ದಕ್ಕೆ ಗಾಡಿ ಜಾಸ್ತಿ ಆಗ್ತವೆ. ಈ ಸುತ್ತನ್ನ ಒಬ್ಬ ಅಪ್ಪ ಮುರಿಯಕ್ಕಾಗಲ್ಲ. ಕೊನೆಗೆ ಒಂಬತ್ತನೇ ತರಗತಿಗೆ ಬಂದ ಮಗನ ಕೈಗೇ ಬೈಕ್ ಕೊಟ್ಟುಬಿಡ್ತಾರೆ. ಅದಕ್ಕೆ ಕಾಯ್ದೆಯ 199ಎ ಕಲಂ ಪ್ರಕಾರ 25 ಸಾವಿರ ದಂಡ, ಪೋಷಕರಿಗೆ ಮೂರು ವರ್ಷದವರೆಗೆ ಜೈಲು ಇದೆ ಅನ್ನೋದು ಬಹಳ ಮನೆಗೆ ಗೊತ್ತಿಲ್ಲ.

ನಿಂತುಹೋದ ಸೈಕಲ್

ನಡೆಯಕ್ಕೆ ದೂರ, ಬಸ್ಸಿಗೆ ಹತ್ತಿರ. ಮೂರರಿಂದ ಏಳು ಕಿಲೋಮೀಟರ್ ನಡುವಿನ ಈ ದೂರಕ್ಕೆ ಹೇಳಿ ಮಾಡಿಸಿದ್ದು ಸೈಕಲ್. ಕರ್ನಾಟಕ 2006-07ರಲ್ಲೇ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿತು. ಅದೇ ವರ್ಷ ಬಿಹಾರದಲ್ಲೂ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಬಂತು. ಬಿಹಾರದ ಯೋಜನೆಯನ್ನ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಹೆಣ್ಣುಮಕ್ಕಳ ದಾಖಲಾತಿ ಶೇ. 32 ಏರಿತ್ತು, ಗಂಡು-ಹೆಣ್ಣು ನಡುವಿನ ದಾಖಲಾತಿ ಅಂತರ ಶೇ. 40 ಕಡಿಮೆಯಾಗಿತ್ತು. ಹೆಚ್ಚು ಲಾಭ ಆದದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ.

ನಮ್ಮಲ್ಲಿ? ಕೋವಿಡ್ ವರ್ಷದಲ್ಲಿ ಸೈಕಲ್ ವಿತರಣೆ ನಿಂತಿತು, ಆಮೇಲೆ ವರ್ಷಗಟ್ಟಲೆ ಮತ್ತೆ ಶುರುವಾಗಲೇ ಇಲ್ಲ. ಗುಣಮಟ್ಟದ ಬಗ್ಗೆ ದೂರು ಇದ್ದವು, ನಿಜ. ಚೈನ್ ಬೀಳುವ ಸೈಕಲ್ ಕೊಟ್ಟರೆ ರಿಪೇರಿ ಮಾಡಿಸಬೇಕಿತ್ತು, ಯೋಜನೆಯನ್ನೇ ಮೂಲೆಗೆ ನಿಲ್ಲಿಸೋದಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ತಪ್ಪಿತು, ಇದು ದೊಡ್ಡ ವಿಷಯ. ಆದರೆ ಟಿಕೆಟ್ ಉಚಿತ ಆದ ಮಾತ್ರಕ್ಕೆ ಬಸ್ ಶಾಲೆ ವೇಳೆಗೆ ಬರಬೇಕು ಅಂತೇನಿಲ್ಲ. ಬೆಳಗಿನ ಬಸ್ ಶಾಲೆ ಶುರುವಾಗೋಕೆ ಒಂದು ತಾಸು ಮೊದಲು, ಸಂಜೆಯದು ಶಾಲೆ ಬಿಡೋಕೆ ಹತ್ತು ನಿಮಿಷ ಮೊದಲು ಬಂದರೆ ಉಚಿತ ಪ್ರಯಾಣ ಯಾರಿಗೆ? ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಒಂದು ಘಟಕ ತನ್ನ ವ್ಯಾಪ್ತಿಯ ಪ್ರೌಢಶಾಲೆಗಳ ವೇಳಾಪಟ್ಟಿ ಮುಂದಿಟ್ಟುಕೊಂಡು ಕೂತರೆ ಒಂದು ವಾರದ ಕೆಲಸ.

ಅತಿ ಹಸಿರು ಶಾಲೆ ಅಂದರೆ ಹತ್ತಿರದ ಶಾಲೆ

ಈಗ ಅಸಲು ವಿಷಯ. 1966ರಲ್ಲೇ ಕೊಠಾರಿ ಆಯೋಗ ‘ನೆರೆಹೊರೆ ಶಾಲೆ’ಯ ಮಾತು ಹೇಳಿತ್ತು. ಅದರ ಉದ್ದೇಶ ಸಮಾನತೆ: ಒಂದೇ ಓಣಿಯ ಎಲ್ಲ ಜಾತಿ, ಎಲ್ಲ ವರ್ಗದ ಮಕ್ಕಳು ಒಂದೇ ಶಾಲೆಗೆ ಹೋಗಬೇಕು. ಇವತ್ತಿಗೆ ಅದು ಪರಿಸರದ ಮಾತೂ ಹೌದು.

ಲೆಕ್ಕ ಹಾಕಿ. ಊರಿನ ಸಣ್ಣ ಶಾಲೆ ಮುಚ್ಚಿ, ಮಕ್ಕಳನ್ನ 5 ಕಿ.ಮೀ. ದೂರದ ದೊಡ್ಡ ಶಾಲೆಗೆ ವ್ಯಾನಲ್ಲಿ ಕಳಿಸಿದರೆ, ಖಾಲಿ ಓಡಾಟವೂ ಸೇರಿ ವ್ಯಾನ್ ದಿನಕ್ಕೆ 20 ಕಿ.ಮೀ. ಓಡತ್ತೆ. 220 ದಿನಕ್ಕೆ 4,400 ಕಿ.ಮೀ. ಲೀಟರ್ ಡೀಸೆಲ್‌ಗೆ 12 ಕಿ.ಮೀ. ಅಂದರೂ ವರ್ಷಕ್ಕೆ ಒಂದು ಟನ್ ಹತ್ತಿರ ಇಂಗಾಲದ ಡೈಆಕ್ಸೈಡ್. ಆ ಶಾಲೆಯ ಅಂಗಳದಲ್ಲಿ ಪರಿಸರ ದಿನಕ್ಕೆ ನಾಲ್ಕು ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಈ ಲೆಕ್ಕ ಸರಿಹೋಗಲ್ಲ.

2025-26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನ ಘೋಷಿಸಿತು. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಳ್ಳೇ ಕಟ್ಟಡ, ಲ್ಯಾಬ್, ಶಿಕ್ಷಕರು ಸಿಗೋದು ಒಳ್ಳೇದಲ್ಲ ಅಂತ ಯಾರೂ ಹೇಳಲ್ಲ. ಸುತ್ತಲಿನ ಸಣ್ಣ ಶಾಲೆಗಳು ವಿಲೀನದ ಹೆಸರಲ್ಲಿ ಮುಚ್ಚಬಹುದು ಅಂತ ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದಿವೆ. ಯಾವ ಶಾಲೆಯನ್ನೂ ಮುಚ್ಚಲ್ಲ ಅಂತ ಸರ್ಕಾರ ಹೇಳಿದೆ. ನನ್ನ ನಿಲುವು ಸರಳ. ದೊಡ್ಡ ಶಾಲೆ ಬರಲಿ, ಆದರೆ ಏಳು ವರ್ಷದ ಮಗುವಿನ ಕಾಲಿಗೆ ಎಟುಕುವ ಶಾಲೆ ಉಳಿಯಲಿ. ಶಾಲೆ ದೂರ ಆದಾಗ ವ್ಯಾನಿಗೆ ದುಡ್ಡಿಲ್ಲದ ಮನೆಯಲ್ಲಿ ಮೊದಲು ಶಾಲೆ ಬಿಡೋದು ಯಾರು ಅಂತ ನಮಗೆ ಗೊತ್ತಿದೆ. ಆ ಪ್ರಶ್ನೆ ಕೇಳಿದ ಹುಡುಗಿಯಂಥವರು.

ಶಾಲೆ ಒಳಗಿನ ಹಸಿರು

ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಇಕೋ ಕ್ಲಬ್‌ಗಳು 2001ರ ಸುಮಾರಿನಿಂದ ಇವೆ. ಶಾಲಾ ಪೌಷ್ಟಿಕ ತೋಟಕ್ಕೆ 2019ರಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿದೆ. ಕಾಗದಕ್ಕೆ ಕೊರತೆ ಇಲ್ಲ.

ನೆಲದ ಮೇಲೆ ಏನು ಮಾಡಬಹುದು? ಬಿಸಿಯೂಟದ ತಟ್ಟೆ ತೊಳೆದ ನೀರನ್ನೇ ತಗೊಳ್ಳಿ. ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದೇ ನಮ್ಮ ಈಶಾನ್ಯ ಜಿಲ್ಲೆಗಳಿಂದ. 150 ಮಕ್ಕಳು ತಲಾ ಒಂದು ಲೀಟರ್ ಬಳಸಿದರೂ ವರ್ಷಕ್ಕೆ 33 ಸಾವಿರ ಲೀಟರ್ ನೀರು ಚರಂಡಿಗೆ ಹೋಗತ್ತೆ. ಒಂದು ಪೈಪು, ಒಂದು ಕಲ್ಲು-ಮರಳಿನ ಗುಂಡಿ ಇದ್ದರೆ ಅದೇ ನೀರಲ್ಲಿ ನುಗ್ಗೆ, ಕರಿಬೇವು, ಪುಂಡಿಪಲ್ಯ ಬೆಳೆಯತ್ತೆ, ಮತ್ತೆ ಅದೇ ಸಾರಿಗೆ ಬರತ್ತೆ. ಬರದ ನಾಡಿನ ಮಗುವಿಗೆ ಇದಕ್ಕಿಂತ ದೊಡ್ಡ ಪರಿಸರ ಪಾಠ ಬೇಡ.

ಇನ್ನೊಂದು ಬ್ಯಾಗು. 2019ರ ರಾಜ್ಯ ಸರ್ಕಾರದ ಆದೇಶದ ಪ್ರಕಾರ 6ರಿಂದ 8ನೇ ತರಗತಿ ಬ್ಯಾಗು 3ರಿಂದ 4 ಕೆಜಿ, 9-10ನೇ ತರಗತಿಯದು 4ರಿಂದ 5 ಕೆಜಿ ಮೀರಬಾರದು. ಬ್ಯಾಗಿನ ಭಾರ ನಡೆಯುವ ಮಗುವಿಗೆ ಗೊತ್ತಾದಷ್ಟು ಬೈಕಲ್ಲಿ ಹೋಗುವ ಮಗುವಿಗೆ ಗೊತ್ತಾಗಲ್ಲ. ನಡಿಗೆ ಉಳಿಸಬೇಕು ಅಂದರೆ ಬ್ಯಾಗನ್ನೂ ತಕ್ಕಡಿಗೆ ಹಾಕಬೇಕು.

ನೀವೇನು ಮಾಡಬಹುದು?

ಊರಲ್ಲಿದ್ದರೆ ನಿಮ್ಮ ಹತ್ತಿರ ಮೂರು ಅಸ್ತ್ರ ಇವೆ. ಒಂದು, ಮಕ್ಕಳ ಗ್ರಾಮಸಭೆ. ವರ್ಷಕ್ಕೊಮ್ಮೆ ಪ್ರತಿ ಗ್ರಾಮ ಪಂಚಾಯಿತಿ ನಡೆಸಬೇಕು. ಅದಕ್ಕೆ ಮೊದಲು ಮಕ್ಕಳ ಕೈಲೇ ಮನೆಯಿಂದ ಶಾಲೆವರೆಗಿನ ದಾರಿಯ ನಕ್ಷೆ ಬರೆಸಿ: ಎಲ್ಲಿ ರಾಡಿ, ಎಲ್ಲಿ ನಾಯಿ, ಎಲ್ಲಿ ಲೈಟಿಲ್ಲ, ಎಲ್ಲಿ ಸಾರಾಯಿ ಕುಡಿದವರು ಕೂಡ್ತಾರೆ, ಎಲ್ಲಿ ರಸ್ತೆ ದಾಟಬೇಕು. ಆ ನಕ್ಷೆಯನ್ನ ಸಭೆಯ ನಡಾವಳಿಗೆ ಸೇರಿಸಿ. ಎರಡು, ಎಸ್‌ಡಿಎಂಸಿ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಚ್ 1990ರ ದಶಕದಲ್ಲಿ ಹೇಳಿದ ‘ಕಾಲ್ನಡಿಗೆ ಬಸ್’ ಬಹಳ ಸರಳ. ಒಬ್ಬಿಬ್ಬರು ದೊಡ್ಡವರು ನಿಗದಿತ ವೇಳೆಗೆ ಹೊರಟು, ದಾರಿಯಲ್ಲಿ ಸಿಗುವ ಮಕ್ಕಳನ್ನ ಸೇರಿಸ್ಕೊಂಡು ಶಾಲೆಗೆ ನಡೀತಾರೆ. ನಮ್ಮೂರಲ್ಲಿ ಇದನ್ನ ದೊಡ್ಡ ಅಕ್ಕಂದಿರು ಹೆಸರಿಲ್ಲದೆಯೇ ಮಾಡ್ತಿದ್ದರು. ಪಟ್ಟಣದ ಬೈಕಿನ ಸುತ್ತು ಮುರಿಯೋದು ಇದರಿಂದ ಮಾತ್ರ.

ಮೂರು, ದುಡ್ಡು. 371ಜೆ ಜಾರಿಯಾದ ಮೇಲೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗ್ತಿದೆ. ಕಟ್ಟಡಕ್ಕೆ ದುಡ್ಡು ಕೇಳುವ ಶಾಸಕರು ಬಹಳ. ಶಾಲೆ ದಾರಿಗೆ ಕೇಳುವವರು ಬೇಕು. ಉದ್ಯೋಗ ಖಾತ್ರಿಯಲ್ಲಿ ‘ನಮ್ಮ ಹೊಲ ನಮ್ಮ ರಸ್ತೆ’ ಅಂತ ರೈತರ ಬಂಡಿ ಹೋಗೋಕೆ ದಾರಿ ಮಾಡಿದ ರಾಜ್ಯ ಇದು. ಅದೇ ಮಾದರಿಯಲ್ಲಿ ಊರಿಂದ ಶಾಲೆಗೆ ಮೊರಂ ಹಾಕಿದ ಎತ್ತರದ ದಾರಿ, ಹಳ್ಳಕ್ಕೊಂದು ಕಾಲುಸೇತುವೆ, ಎರಡೂ ಬದಿ ಬೇವು-ಹುಣಸೆ ಯಾಕೆ ಆಗಬಾರದು? ಹುಲಿಕಲ್-ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ 385 ಆಲದ ಗಿಡ ನೆಟ್ಟು ನೀರು ಹೊತ್ತು ಬೆಳೆಸಿದ್ದು ದಾರಿಯಲ್ಲೇ, ವೇದಿಕೆ ಮುಂದಲ್ಲ. ಅವರ ಹೆಸರಲ್ಲಿ ಪ್ರತಿ ಜೂನ್‌ನಲ್ಲಿ ಭಾಷಣ ಮಾಡ್ತೀವಿ, ಅವರು ಮಾಡಿದ್ದನ್ನ ಮಾತ್ರ ಮಾಡಲ್ಲ.

ಆ ಹುಡುಗಿಗೆ ಅವತ್ತು ನಾನು ಹೇಳಿದ್ದು “ಕೇಳ್ತೀನವ್ವ ಅವರಿಗೆ” ಅಂತ. ಅಷ್ಟೊತ್ತಿಗೆ ಕಾರು ಹೊರಟುಹೋಗಿತ್ತು. ಆಕೆ ಬ್ಯಾಗು ಏರಿಸ್ಕೊಂಡು ಗೆಳತಿಯರ ಜತೆ ಹೊರಟಳು. ಊರಿಗೆ ಎರಡೂವರೆ ಕಿಲೋಮೀಟರ್, ನಡುವೆ ಒಂದು ಹೆದ್ದಾರಿ. ಮುಂದಿನ ವರ್ಷ ಒಂಬತ್ತನೇ ತರಗತಿಗೆ ಆಕೆ ಹೋಗಬೇಕಾದ ಶಾಲೆ ಆರು ಕಿಲೋಮೀಟರ್ ದೂರ. ಸೈಕಲ್ ಬರತ್ತೇನ್ರಿ ಅಂತ ಹೋಗುವಾಗ ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ. ಅವರಿಗೆ ತಲುಪುವವರೆಗೆ ಕೇಳ್ತಾ ಇರೋದು ನಮ್ಮ ಕೆಲಸ.